ಮಣ್ಣು ದಾರಿಗೂ ಒಂದು ಬೋರ್ಡ್ ಬೇಕು

ಮಾನ್ಯರೇ,

ಉಡುಪಿ ಸುತ್ತಮುತ್ತ ಸುತ್ತಾಡಲು ಗ್ರಾವೆಲ್ ಬೈಕ್ ಹೇಳಿ ಮಾಡಿಸಿದ ಸೈಕಲ್. ಹ್ಯಾಂಡಲ್ ರೇಸ್ ಸೈಕಲ್‌ನದ್ದೇ, ಟೈರ್ ಮಾತ್ರ ಸುಮಾರು 40 ಮಿ.ಮೀ. ಅಗಲ. ಹಾಗಾಗಿ ಜಲ್ಲಿ, ಮುರಕಲ್ಲಿನ (ಕೆಂಪು ಕಲ್ಲಿನ) ದಾರಿಯಲ್ಲೂ ಆರಾಮ. ಹೆದ್ದಾರಿ 66ರಲ್ಲಿ ಬಸ್ಸಿನ ಹಾರ್ನ್ ಕೇಳುತ್ತಾ ತುಳಿಯುವುದಕ್ಕಿಂತ ಎಷ್ಟೋ ವಾಸಿ ಅಲ್ವಾ?

ದಾರಿಗೇನೂ ಬರವಿಲ್ಲ. ಕೆಮ್ಮಣ್ಣು ತೂಗುಸೇತುವೆ ಬಳಿ ಸ್ವರ್ಣಾ ನದಿ, ತೆಂಗಿನ ತೋಟ. ಮುಂದೆ ಹೂಡೆ ದಾಟಿ ಕೋಡಿಬೆಂಗ್ರೆಗೆ ಹೋದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ದಕ್ಷಿಣಕ್ಕೆ ಮಟ್ಟುವಿನಲ್ಲಿ ಗುಳ್ಳ ಬದನೆಯ ಗದ್ದೆಗಳು. ಹೆಬ್ರಿ ಕಡೆ ಸೀತಾ ನದಿ ಕಣಿವೆ, ಕಾಡು.

ತೊಂದರೆ ಇರುವುದು ಗುರುತಿನದ್ದು. ಊರಿನ ದಾರಿ ಯಾವುದು, ಖಾಸಗಿ ತೋಟದ ದಾರಿ ಯಾವುದು, ಗೊತ್ತೇ ಆಗುವುದಿಲ್ಲ. ಮೊಬೈಲ್ ಮ್ಯಾಪಿನ ಗೆರೆ ಯಾರದೋ ಅಂಗಳದಲ್ಲಿ ಮುಗಿಯುತ್ತದೆ. ಸ್ವಾಗತಕ್ಕೆ ನಾಯಿ ಮಾತ್ರ ತಯಾರು! ಪಂಚಾಯತ್‌ಗಳು ಕವಲುಗಳಲ್ಲಿ ಸಣ್ಣ ಬೋರ್ಡ್ ಹಾಕಲಿ. ಸೋಮೇಶ್ವರ ಅಭಯಾರಣ್ಯದ ಅಂಚಿನಲ್ಲಿ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಅನುಮತಿ ಬೇಕು ಎಂದು ಅರಣ್ಯ ಇಲಾಖೆ ಕನ್ನಡದಲ್ಲೇ ಬರೆದು ಹಾಕಲಿ. ಹೊಳೆ ಬದಿಯ ಎಲ್ಲ ಮಣ್ಣು ದಾರಿಗೂ ಸುಮ್ನೆ ಕಾಂಕ್ರೀಟ್ ಸುರಿಯುವುದು ಬೇಡ. ಮನೆಗಳಿರುವಲ್ಲಿ ಸರಿ, ಉಳಿದದ್ದು ಹಾಗೇ ಇರಲಿ.

ಸವಾರರಿಗೂ ಒಂದು ಮಾತು. ಗದ್ದೆ ಹುಣಿಯ (ಬದುವಿನ) ಮೇಲೆ ಸೈಕಲ್ ಹತ್ತಿಸಬೇಡಿ, ನೀವು ತೆರೆದ ಗೇಟು ಮುಚ್ಚಿ ಹೋಗಿ. ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಪಾಚಿ ಜಾಸ್ತಿ, ಇಳಿದು ತಳ್ಳುವುದೇ ಒಳ್ಳೆಯದು.

– ಸೈಕಲ್ ಸವಾರ, ಮಣಿಪಾಲ