ಟವರ್ ಬರಲಿ, ನಕ್ಷೆ ಅದಕ್ಕಿಂತ ಮೊದಲು ಬರಲಿ

ಸಂಪಾದಕರೇ,

ಮೂರು ವಾರದ ಹಿಂದೆ ನಿಮ್ಮ ಪತ್ರಿಕೆಯ ಒಳಪುಟದಲ್ಲಿ, ಒಂದು ಟೆಂಡರ್ ಜಾಹೀರಾತಿಗೂ ಕಳೆದುಹೋದ ಮಾರ್ಕ್ಸ್ ಕಾರ್ಡಿನ ಪ್ರಕಟಣೆಗೂ ನಡುವೆ ಒಂದು ನೋಟಿಸ್ ಇತ್ತು. ನಮ್ಮ ಹೋಬಳಿಯ ವಿದ್ಯುತ್ ಉಪಕೇಂದ್ರಕ್ಕೆ ಹೊಸದಾಗಿ 66 ಕೆವಿ ಜೋಡಿ ಸರ್ಕ್ಯೂಟ್ ಲೈನ್, ಅಂದರೆ ಒಂದೇ ಟವರ್ ಮೇಲೆ ಎರಡು ಲೈನ್, ಎಳೆಯುತ್ತಾರಂತೆ. ಲೈನ್ ಹಾದುಹೋಗುವ ಹಳ್ಳಿಗಳ ಹೆಸರು ಉದ್ದಕ್ಕೆ ಕೊಟ್ಟಿದ್ದರು, ನಮ್ಮೂರಿನ ಹೆಸರೂ ಇತ್ತು. ಆಕ್ಷೇಪಣೆ ಇದ್ದವರು ಇಂತಿಷ್ಟು ದಿನದೊಳಗೆ ಲಿಖಿತವಾಗಿ ಸಲ್ಲಿಸಬೇಕು ಎಂದಿತ್ತು. ಸರಿ, ಸಲ್ಲಿಸೋಣ. ಆದರೆ ಯಾವುದಕ್ಕೆ? ಸರ್ವೆ ನಂಬರ್ ಇಲ್ಲ, ನಕ್ಷೆ ಇಲ್ಲ. ನಮ್ಮೂರೇನು ಸಣ್ಣದಲ್ಲ. ಲೈನ್ ಕೆರೆ ಏರಿ ಪಕ್ಕ ಹೋಗುತ್ತದೋ, ಗೋಮಾಳದ ಮೇಲೆ ಹೋಗುತ್ತದೋ, ನನ್ನ ತೋಟದ ನಡುವೆಯೇ ಹೋಗುತ್ತದೋ ಗೊತ್ತಿಲ್ಲದೆ ಏನಂತ ಬರೆಯಲಿ?

ಉತ್ತರ ಮುಂದಿನ ವಾರ ತಾನಾಗೇ ಸಿಕ್ಕಿತು. ಬೆಳಿಗ್ಗೆ ಹಾಲು ಹಾಕಿ ಬರುವಷ್ಟರಲ್ಲಿ ತೋಟದಲ್ಲಿ ಮೂರು ಜನ ಹುಡುಗರು. ಒಬ್ಬನ ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ. ತೆಂಗಿನ ಮರಗಳ ಮೇಲೆ ಎದೆ ಮಟ್ಟದಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕುತ್ತಾ ಹೋಗುತ್ತಿದ್ದ. ಲೆಕ್ಕ 23ಕ್ಕೆ ನಿಂತಿತು. ಕೇಳಿದರೆ, 'ನಾವು ಬರೀ ಮಾರ್ಕಿಂಗ್ ಮಾಡೋರು ಸಾರ್, ನಮಗೇನೂ ಗೊತ್ತಿಲ್ಲ' ಅಂದರು. ಪಾಪ, ಅವರು ಹೇಳಿದ್ದು ನಿಜವೇ ಇರಬೇಕು. ಎಳನೀರು ಕೊಟ್ಟು ಕಳಿಸಿದೆ.

ಇದನ್ನು ಓದಿ 'ಇನ್ನೊಬ್ಬ ಅಭಿವೃದ್ಧಿ ವಿರೋಧಿ' ಅಂದುಕೊಳ್ಳಬೇಡಿ. ನನ್ನಷ್ಟು ಈ ಲೈನ್ ಬೇಕಾದವರು ಈ ಹೋಬಳಿಯಲ್ಲಿ ಜಾಸ್ತಿ ಜನ ಇಲ್ಲ. ನಮ್ಮ ಕಡೆ ತೆಂಗು ನಿಂತಿರುವುದೇ ಬೋರ್‌ವೆಲ್ ಮೇಲೆ. ಮಾರ್ಚ್ ಬಂತೆಂದರೆ ತ್ರೀಫೇಸ್ ಕೊಡುವ ಏಳು ಗಂಟೆಯಲ್ಲಿ ಅರ್ಧ ಹೊತ್ತು ಸ್ಟಾರ್ಟರ್ ಮೇಲಿನ ಮೀಟರಿನ ಮುಳ್ಳು 320 ವೋಲ್ಟ್ ದಾಟುವುದಿಲ್ಲ. 400 ಮೇಲಿರಬೇಕಾದದ್ದು. ಕಡಿಮೆ ವೋಲ್ಟೇಜಿನಲ್ಲಿ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ, ಒಂದು ದಿನ ಸುಟ್ಟೇ ಹೋಗುತ್ತದೆ. ಹೋದ ವರ್ಷ ಎರಡು ಸಲ ಬೋರಿನಿಂದ ಮೋಟಾರ್ ಎತ್ತಿಸಿ ವೈಂಡಿಂಗ್ ಅಂಗಡಿಗೆ ಹೊತ್ತಿದ್ದೇನೆ. ಆ ಅಂಗಡಿಯವನಿಗೆ ಮಾತ್ರ ಬೇಸಿಗೆಯೇ ಸುಗ್ಗಿ. ಲೈನ್‌ಮನ್ನನ್ನು ಕೇಳಿದರೆ 'ಮೇಲಿಂದಲೇ ವೋಲ್ಟೇಜ್ ಬರ್ತಿಲ್ಲಣ್ಣ' ಅನ್ನುತ್ತಾನೆ. ಮೇಲೆ ಅಂದರೆ ಈ 66 ಕೆವಿ ಲೈನ್. ನಾನು ಹೈಸ್ಕೂಲಿಗೆ ಹೋಗುವಾಗ ಎಳೆದದ್ದು, ಆಗ ಊರಿಗೆ ನಾಲ್ಕು ಪಂಪ್‌ಸೆಟ್ ಇದ್ದರೆ ಹೆಚ್ಚು. ಅದೇ ತಂತಿ ಇವತ್ತು ಇಡೀ ಹೋಬಳಿಯ ಬೋರ್‌ವೆಲ್ಲುಗಳನ್ನು ಹೊತ್ತಿದೆ. 2024ರ ಬೇಸಿಗೆಯಲ್ಲಿ ರಾಜ್ಯದ ಬೇಡಿಕೆ 17,000 ಮೆಗಾವ್ಯಾಟ್ ದಾಟಿತ್ತು. ಉತ್ಪಾದನೆ ಎಷ್ಟಿದ್ದರೂ ತರುವ ದಾರಿ ಕಿರಿದಾದರೆ ನಮ್ಮ ಮೀಟರಿನ ಮುಳ್ಳು ಅಲ್ಲಾಡುವುದಿಲ್ಲ.

ಹಾಗಾಗಿ ಲೈನ್ ಬೇಕೋ ಬೇಡವೋ ಅನ್ನುವ ಜಗಳ ನನಗಿಲ್ಲ. ನಾನು ಕೇಳುವುದು ಒಂದೇ. ಹಳೇ ಲೈನ್ ಹೋಗಿರುವ ದಾರಿ ಇದೆಯಲ್ಲ, ಅಲ್ಲಿ ಇಷ್ಟು ವರ್ಷದಿಂದ ಯಾರೂ ತೆಂಗು ನೆಟ್ಟಿಲ್ಲ, ಮನೆ ಕಟ್ಟಿಲ್ಲ. ರಾಗಿ, ಹುರುಳಿ ಬೆಳೆದುಕೊಂಡು ಜನ ಅದಕ್ಕೆ ಹೊಂದಿಕೊಂಡಿದ್ದಾರೆ. ಅದನ್ನು ಬಿಟ್ಟು ಹೊಸ ದಾರಿ ಯಾಕೆ? ಅದೇ ದಾರಿಯಲ್ಲಿ ಹಳೇ ಕಂಬ ತೆಗೆದು ಜೋಡಿ ಸರ್ಕ್ಯೂಟಿನ ಟವರ್ ನಿಲ್ಲಿಸಬಹುದಲ್ವಾ?

ನಮ್ಮ ಅಕ್ಕನ ಮಗ ಎಲೆಕ್ಟ್ರಿಕಲ್ ಓದಿದವನು. ತಂತಿ ಮಾತ್ರ ಬದಲಾಯಿಸಿದರೆ ಸಾಲದಾ, ಬಿಸಿ ತಡೆದು ಜೋತುಬೀಳದ ಹೊಸ ತಂತಿ ಬಂದಿದೆಯಂತಲ್ಲ, ಎಚ್‌ಟಿಎಲ್‌ಎಸ್ ಅಂತೆ, ಅಂತ ಅವನನ್ನು ಕೇಳಿದೆ. ಅವನು ಸುಮ್ನೆ ಹೂಂ ಅನ್ನಲಿಲ್ಲ. ಆ ತಂತಿ ಅದೇ ಟವರ್ ಮೇಲೆ ಹತ್ತಿರ ಹತ್ತಿರ ಎರಡು ಪಟ್ಟು ಕರೆಂಟ್ ಹೊರುತ್ತದೆ ನಿಜ, ಆದರೆ ಹೆಚ್ಚು ಕರೆಂಟ್ ಹೊತ್ತಷ್ಟೂ ದಾರಿಯಲ್ಲಿ ಬೀಳುವ ವೋಲ್ಟೇಜೂ ಹೆಚ್ಚು, ಹಾಗಾಗಿ ನಿಮ್ಮಂಥ ಲೈನಿನ ತುದಿಯ ಊರಿಗೆ ಅದರಿಂದ ಅಷ್ಟೇನೂ ಉಪಯೋಗ ಇಲ್ಲ ಅಂದ. ಎರಡು ಸರ್ಕ್ಯೂಟ್ ಇದ್ದರೆ ಅದೇ ಕರೆಂಟ್ ಎರಡು ಕಡೆ ಹಂಚಿಹೋಗುತ್ತದೆ, ಲೈನಿನಲ್ಲಿ ನಷ್ಟವಾಗುವುದು ಅರ್ಧಕ್ಕೆ ಇಳಿಯುತ್ತದೆ. ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಅಂದರೆ ಜೋಡಿ ಸರ್ಕ್ಯೂಟ್ ಅನ್ನುವ, ಲೈನ್ ಎಳೆಯುವ ಕಂಪನಿಯವರ ತೀರ್ಮಾನ ಸರಿಯಾಗೇ ಇದೆ. ನನ್ನ ತಕರಾರು ಇರುವುದು ದಾರಿಯ ಬಗ್ಗೆ ಮಾತ್ರ.

ಹಳೇ ದಾರಿಯಲ್ಲೇ ಕಟ್ಟಬೇಕೆಂದರೆ ಕೆಲಸ ಮುಗಿಯುವವರೆಗೆ ಲೈನ್ ಆಫ್ ಮಾಡಬೇಕಾಗುತ್ತದೆ, ಅದು ದೊಡ್ಡ ತಲೆನೋವು, ಒಪ್ಪುತ್ತೇನೆ. ಆದರೆ ಜುಲೈನಿಂದ ಅಕ್ಟೋಬರ್‌ವರೆಗೆ, ಮಳೆ ಕೈಕೊಡದ ವರ್ಷ, ನಮ್ಮ ಕಡೆ ಪಂಪ್‌ಸೆಟ್ ಓಡುವುದೇ ಕಡಿಮೆ. ಆ ತಿಂಗಳುಗಳಲ್ಲಿ ಪಕ್ಕದ ಉಪಕೇಂದ್ರದಿಂದ ಊರಿಗೆ ದೀಪದ ಮಟ್ಟಿಗಾದರೂ ಕೊಟ್ಟು, ತುಂಡು ತುಂಡಾಗಿ ಕೆಲಸ ಮುಗಿಸಲು ಆಗುವುದಿಲ್ಲವೇ? ಆಗುವುದಿಲ್ಲ ಅಂತಾದರೆ ಯಾಕೆ ಅಂತ ನಮ್ಮೆದುರು ಕೂತು ಹೇಳಲಿ. ಕೇಳುವ ತಾಳ್ಮೆ ನಮಗಿದೆ.

ಹೇಳಬೇಕಾದ ಜಾಗವೇ ಇಲ್ಲ ಅನ್ನುವುದು ಇಲ್ಲಿನ ತಮಾಷೆ. ಗಣಿಗೆ, ಸಿಮೆಂಟ್ ಕಾರ್ಖಾನೆಗೆ 2006ರ ಪರಿಸರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಆ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಲೈನ್ ಇಲ್ಲವೇ ಇಲ್ಲ. ಕಾಡಿನ ಜಾಗ ಬಂದರೆ ಅರಣ್ಯ ಅನುಮತಿ ಬೇಕು, ನನ್ನ ತೋಟ ಕಾಡಲ್ಲವಲ್ಲ. ವಿದ್ಯುತ್ ದರ ಗೊತ್ತು ಮಾಡುವ ರಾಜ್ಯದ ಆಯೋಗ ಕೆಇಆರ್‌ಸಿ ದರದ ಬಗ್ಗೆ ಅಹವಾಲು ಕೇಳುತ್ತದೆ, ಈ ಲೈನಿನ ಖರ್ಚೂ ಕೊನೆಗೆ ಅದೇ ದರದಲ್ಲಿ ನಮ್ಮ ಬಿಲ್ಲಿಗೆ ಬರುವುದು. ಆದರೆ ಅಲ್ಲಿ ಮಾತೆಲ್ಲ ಯೂನಿಟ್‌ಗೆ ಎಷ್ಟು ಪೈಸೆ ಅನ್ನುವುದರ ಸುತ್ತ. ಟವರ್ ಯಾರ ಹೊಲದಲ್ಲಿ ಅಂತ ಕೇಳುವವರಿಲ್ಲ.

ಇನ್ನು ಅಧಿಕಾರ ಎಲ್ಲಿಂದ ಬಂತು ನೋಡಿ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ, 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ ಅಧಿಕಾರವನ್ನು ಲೈನ್ ಎಳೆಯುವವರ ಕೈಗೆ ಕೊಡಲು ಅವಕಾಶ ಮಾಡಿಕೊಟ್ಟಿತು. ಭೂಸ್ವಾಧೀನ ಇಲ್ಲ, ಪಹಣಿ ನಮ್ಮ ಹೆಸರಲ್ಲೇ ಇರುತ್ತದೆ, ಟವರ್ ಮಾತ್ರ ಅವರದು. ಅಡ್ಡಿಪಡಿಸಿದರೆ ಜಿಲ್ಲಾಧಿಕಾರಿಯಿಂದ ಆದೇಶ ತರಬಹುದು. ಪರಿಹಾರ ಸಾಲದೆಂದರೆ ಜಿಲ್ಲಾ ನ್ಯಾಯಾಧೀಶರ ಹತ್ತಿರ ಹೋಗಬೇಕು. ಟೆಲಿಗ್ರಾಮ್ ಸೇವೆಯೇ 2013ರಲ್ಲಿ ನಿಂತುಹೋಯಿತು, ತಂತಿ ಕಾಯ್ದೆಯ ಬಲ ಮಾತ್ರ ನಮ್ಮ ಹೊಲದಲ್ಲಿ ನಿಂತಿದೆ.

ಪರಿಹಾರದಲ್ಲಿ ಸ್ವಲ್ಪ ಸುಧಾರಣೆ ಆಗಿದೆ, ಇಲ್ಲ ಅನ್ನುವುದಿಲ್ಲ. 2015ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ಕಾಲುಗಳ ಜಾಗಕ್ಕೆ ಭೂಮಿ ಬೆಲೆಯ ಶೇ 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ 15 ಇತ್ತು. 2024ರ ಜೂನ್‌ನಲ್ಲಿ ಅದನ್ನು ಶೇ 200 ಮತ್ತು ಶೇ 30ಕ್ಕೆ ಏರಿಸಿದರು. ಆದರೆ ಅದು ಮಾರ್ಗಸೂಚಿ, ರಾಜ್ಯದ ಆದೇಶವಾಗಿ ಇಳಿದು ಬಂದರೆ ಮಾತ್ರ ರೈತನ ಕೈಗೆ ಸಿಗುವುದು. ಅದೂ ಯಾವ ಬೆಲೆಯ ಶೇ 30? ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಲೆಗೆ ನಮ್ಮೂರಲ್ಲಿ ಯಾರಾದರೂ ತೋಟ ಕೊಟ್ಟರೆ ಹೇಳಿ, ನಾನೇ ಕೊಳ್ಳುತ್ತೇನೆ.

66 ಕೆವಿಗೆ 18 ಮೀಟರ್ ಅಗಲದ ಪಟ್ಟಿ ಬೇಕು. ನನ್ನ ತೋಟದಲ್ಲಿ ಉದ್ದ ನೂರು ಮೀಟರ್ ಅಂದರೂ ಹದಿನೆಂಟು ಗುಂಟೆ ಹೋಯಿತು. ಮೂವತ್ತು ಅಡಿಗೊಂದರಂತೆ ನಮ್ಮ ಅಪ್ಪ ನೆಟ್ಟ ಎರಡು ಸಾಲು. ಮರಕ್ಕೆ ಇಷ್ಟು ಅಂತ ತೋಟಗಾರಿಕೆ ಇಲಾಖೆಯ ಲೆಕ್ಕದಲ್ಲಿ ದುಡ್ಡು ಬರುತ್ತದೆ. ಆಮೇಲೆ ಆ ಹದಿನೆಂಟು ಗುಂಟೆಯಲ್ಲಿ ಇನ್ನೆಂದೂ ತೆಂಗು ನೆಡುವಂತಿಲ್ಲ. ಒಂದು ಸಲದ ದುಡ್ಡು, ಎಂದೆಂದಿಗೂ ಮುಗಿಯದ ತೊಡಕು.

ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಬೇರೆ ರೀತಿ ಮಾಡಿದ್ದಾರೆ. 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಅಲ್ಲಿನ ಕೂಲಿಯವರ ಪಾಡು ಬೇರೆ ಕಥೆ, ಅದಕ್ಕೆ ಇನ್ನೊಂದು ಪತ್ರವೇ ಬೇಕು. ಆದರೆ ಕರೆಂಟ್ ಹುಟ್ಟುವ ಜಾಗಕ್ಕೆ ಬಾಡಿಗೆ ಕೊಡಬಹುದಾದರೆ ಕರೆಂಟ್ ಹಾದುಹೋಗುವ ಜಾಗಕ್ಕೆ ಯಾಕೆ ಕೊಡಬಾರದು? ವರ್ಷಕ್ಕೆ ಇಷ್ಟು ಅಂತ ಬಂದರೆ ಎಷ್ಟೋ ರೈತರು ತಾವೇ ಬಂದು 'ನಮ್ಮ ಬದುವಿನ ಮೇಲೆ ಹಾಕಿ' ಅನ್ನುತ್ತಾರೆ. ಕೋರ್ಟಿನಲ್ಲಿ ಕಳೆಯುವ ವರ್ಷಗಳೂ ಉಳಿಯುತ್ತವೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ಲೈನ್ ಎಳೆದವರು ನಾವು. ಬೆಂಗಳೂರಿಗೆ ದೀಪ ಬಂದಿದ್ದೇ ಅದಾದ ಮೂರು ವರ್ಷಕ್ಕೆ. ಅಷ್ಟು ಹಿಂದೆ ಅಷ್ಟು ದೂರ ಲೈನ್ ಎಳೆದ ನಾಡಿನಲ್ಲಿ ಇವತ್ತು ಒಂದು ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸುವುದು ಕಷ್ಟವೇ? ದಾರಿ ಗೊತ್ತು ಮಾಡುವ ಮುಂಚೆ ಎರಡು ಮೂರು ಮಾರ್ಗ ನೋಡುವುದು ಈ ಕೆಲಸದಲ್ಲಿ ವಾಡಿಕೆ. ಆ ಮಾರ್ಗಗಳನ್ನೇ ಸರ್ವೆ ನಂಬರ್ ಸಮೇತ ಹಾಕಲಿ. ಹಳೇ ದಾರಿಯೂ ಅದರಲ್ಲಿ ಒಂದಾಗಿರಲಿ. ಯಾವುದರಲ್ಲಿ ಎಷ್ಟು ಮರ, ಎಷ್ಟು ಖರ್ಚು, ಎಷ್ಟು ದಿನ ಕರೆಂಟ್ ಇರುವುದಿಲ್ಲ, ಎಲ್ಲ ಬರೆಯಲಿ. ಆಮೇಲೆ ಮಂಜೂರಾತಿ. ಈಗ ನಡೆಯುತ್ತಿರುವುದು ಇದರ ಉಲ್ಟಾ: ಮೊದಲು ಮಂಜೂರಾತಿ, ಆಮೇಲೆ ಕೆಂಪು ಬಣ್ಣದ ಡಬ್ಬಿ.

ಆಕ್ಷೇಪಣೆಗೆ ಇನ್ನೂ ಕೆಲವು ದಿನ ಇದೆ. ಮಾರ್ಗ ತಿಳಿಸಿಲ್ಲ, ಆದ್ದರಿಂದ ಎಲ್ಲ ಮಾರ್ಗಕ್ಕೂ ಆಕ್ಷೇಪ ಅಂತ ಒಂದು ಹಾಳೆ ಬರೆದು ಕಳಿಸಿದ್ದೇನೆ, ಸ್ವೀಕೃತಿಯೂ ಬಂದಿದೆ. ಊರಿನ ಇನ್ನೂ ಹನ್ನೊಂದು ಜನ ಅದನ್ನೇ ನೋಡಿ ಬರೆದು ಕಳಿಸಿದ್ದಾರೆ. ಇಂಜಿನಿಯರ್‌ಗಳು ಬರುವುದಾದರೆ ಮಂಗಳವಾರ ಬೇಡ, ಅವತ್ತು ಸಂತೆ, ಊರಲ್ಲಿ ಯಾರೂ ಸಿಗುವುದಿಲ್ಲ.

ಒಬ್ಬ ತೆಂಗು ಬೆಳೆಗಾರ
ತುಮಕೂರು ಜಿಲ್ಲೆ