ಮಗಳಿಗೊಂದು ಪತ್ರ: ಕಿತ್ತಿಟ್ಟ ಫ್ಯೂಸ್

ಪ್ರೀತಿಯ ಮಗಳೇ,

ಭಾನುವಾರ ನೀನು ಚೀಲ ಹಿಡಿದು ಚೇರಂಬಾಣೆಯಲ್ಲಿ ಮೊದಲ ಬಸ್ಸು ಹತ್ತಿದೆಯಲ್ಲ, ಆ ಹೊತ್ತಿಗೆ ನೀನು ಎದ್ದದ್ದಲ್ಲ, ರಾತ್ರಿಯಿಡೀ ಮಲಗಿಯೇ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಹಿಂದಿನ ದಿನದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಹತ್ತು ಗಂಟೆಗೆ ಕೋಣೆಯಿಂದ ಹೊರಬಂದ ನಿನ್ನನ್ನು ದೊಡ್ಡಪ್ಪ ‘ಸೂರ್ಯವಂಶದವಳು’ ಎಂದಾಗ ನೆಂಟರ ಜೊತೆ ನಾನೂ ನಕ್ಕುಬಿಟ್ಟೆ. ತಪ್ಪಾಯಿತು.

‘ಇದು ಸೋಮಾರಿತನವಲ್ಲಪ್ಪ, ನನ್ನ ಮೈಯ ಗಡಿಯಾರವೇ ಹೀಗೆ’ ಎಂದೆ ನೀನು. ಈ ನಾಲ್ಕು ದಿನ ಆ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಏನು ಓದಿದರೂ ಮನಸ್ಸು ನಿನ್ನ ದ್ವಿತೀಯ ಪಿಯುಸಿ ಪರೀಕ್ಷೆಗೇ ಹೋಗಿ ನಿಲ್ಲುತ್ತಿದೆ.

ಅದು 2017ರ ಮಾರ್ಚ್. ರಾತ್ರಿ ಹತ್ತು ಹೊಡೆದ ಕೂಡಲೇ ಪಡಸಾಲೆಯ ಬೋರ್ಡಿನಿಂದ ನಿನ್ನ ಕೋಣೆಯ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಒಂದು ಮೂಲೆ ಚಕ್ಕೆ ಎದ್ದ, ಬಿಳಿ ಪಿಂಗಾಣಿಯ ಫ್ಯೂಸ್ ಅದು. ನಾಲ್ಕೂವರೆಗೆ ಅದನ್ನು ಮತ್ತೆ ಸಿಕ್ಕಿಸಿ, ನಿನ್ನನ್ನು ಎಬ್ಬಿಸಿ, ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ಮರೆಯುವುದಿಲ್ಲವೆಂದು ಹೇಳಿ ಕೂರಿಸುತ್ತಿದ್ದೆ. ನೀನು ಪುಸ್ತಕದ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದೆ, ನಾನು ಮೇಜು ತಟ್ಟುತ್ತಿದ್ದೆ. ಹದಿಹರೆಯದಲ್ಲಿ ನಿದ್ದೆಯ ಹೊತ್ತು ತಾನಾಗಿಯೇ ತಡವಾಗುತ್ತ ಹೋಗಿ, ಇಪ್ಪತ್ತರ ಆಸುಪಾಸು ದಾಟಿದ ಮೇಲೆ ನಿಧಾನವಾಗಿ ಹಿಂದಕ್ಕೆ ಸರಿಯುತ್ತದೆ ಎಂಬುದು ಈಗ ತಿಳಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಾಲ್, ರೋಸ್‌ಬಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂದದ್ದು, ಹಣ್ಣುನೊಣದ ಜೀವಕೋಶದೊಳಗೆ ಈ ಗಡಿಯಾರ ನಡೆಯುವ ಬಗೆಯನ್ನು ತೋರಿಸಿಕೊಟ್ಟದ್ದಕ್ಕೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿಯೂ ಬೆಳಿಗ್ಗೆ ಪ್ಯೂಪಾದ ಗೂಡಿನಿಂದ ಹೊರಬರುವ ನೊಣಗಳನ್ನೂ ಸಂಜೆ ಬರುವವನ್ನೂ ಬೇರೆಬೇರೆಯಾಗಿ ತಲೆಮಾರುಗಟ್ಟಲೆ ಸಾಕಿ, ಈ ಗುಣ ವಂಶದಲ್ಲಿ ಇಳಿದುಬರುವುದನ್ನು ಕಂಡಿದ್ದಾರೆ. ಇದನ್ನು ಓದಿ ಎದ್ದುಹೋಗಿ ಆ ಫ್ಯೂಸನ್ನು ಹುಡುಕಿದೆ. ಬೋರ್ಡು ಬದಲಾಗಿ ವರ್ಷಗಳಾದರೂ ಅದು ಮೇಜಿನ ಖಾನೆಯಲ್ಲಿಯೇ ಇತ್ತು.

ನಿನ್ನ ಆ ಪರೀಕ್ಷೆಯ ಹಿಂದಿನ ವರ್ಷ ಕಾಫಿ ಅರಳಿಸುವ ಹೂಮಳೆ ಕೈಕೊಟ್ಟು ತೋಟಕ್ಕೆ ಸ್ಪ್ರಿಂಕ್ಲರ್ ಇಟ್ಟಾಗ ತ್ರೀ ಫೇಸ್ ಕರೆಂಟು ನಡುರಾತ್ರಿಗೆ ಬರುತ್ತಿತ್ತು. ನನಗೆ ಕಣ್ಣು ತೆರೆಯಲಾಗದಿದ್ದಾಗ ಟಾರ್ಚ್ ಹಿಡಿದು ಹೋಗಿ ಮೋಟಾರು ಹಾಕಿಬಂದವಳು ನೀನು. ಆ ಎಚ್ಚರವನ್ನು ಊರೆಲ್ಲ ಹೇಳಿಕೊಂಡು ಹೊಗಳಿದ ನಾನೇ ಮರುವರ್ಷ ನಿನ್ನ ದೀಪ ಆರಿಸಿದೆ. ಆನೆ ಬರದಂತೆ ಗದ್ದೆ ಕಾದವನು ಹಗಲು ಮಲಗಿದರೆ ನಮ್ಮಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ಕದಿರು ತೆಗೆಯುವುದೂ ರಾತ್ರಿಯೇ. ಆದರೆ ನಿನ್ನ ಅಣ್ಣ ಒಂಬತ್ತಕ್ಕೆ ಎದ್ದರೆ ‘ಪಾಪ, ದಣಿದಿದ್ದಾನೆ’ ಎನ್ನುವ ಬಾಯಿಗಳೇ ನೀನು ಎದ್ದರೆ ಮನೆಗೆ ದರಿದ್ರ ಎನ್ನುತ್ತವೆ. ಅಂಥ ಬಾಯಿಗಳಲ್ಲಿ ನನ್ನದೂ ಒಂದು.

ನಾನು ಕಾಫಿ ಕುಡಿಯುತ್ತ ಓದುವ ಪತ್ರಿಕೆಯ ಪುಟಗಳನ್ನು ಮೈಸೂರಿನಲ್ಲಿ ರಾತ್ರಿ ಒಂದು ಗಂಟೆಯವರೆಗೆ ಕುಳಿತು ಕಟ್ಟುವವರಲ್ಲಿ ನನ್ನ ಮಗಳೂ ಇದ್ದಾಳೆ ಎಂದು ಆ ದಿನ ದೊಡ್ಡಪ್ಪನಿಗೆ ಹೇಳಬೇಕಿತ್ತು. ನಿನ್ನೆ ಹೋಗಿ ಹೇಳಿ ಬಂದೆ.

ಆದರೂ ಹೆದರಿಕೆ ಹೋಗಿಲ್ಲ. ಮೈಯ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ತಾಳೆಯಾಗದೆ ನಿದ್ದೆಗೆಟ್ಟರೆ ಆರೋಗ್ಯ ಕೆಡುತ್ತದೆ ಎಂದೂ ಓದಿದ್ದೇನೆ. ಮೂರಕ್ಕೆ ಮಲಗುವುದಾದರೆ ದಿನವೂ ಮೂರಕ್ಕೇ ಮಲಗು. ಒಂದು ದಿನ ಹಾಗೆ, ಒಂದು ದಿನ ಹೀಗೆ ಮಾಡಬೇಡ. ಕಿಟಕಿಗೆ ದಪ್ಪ ಪರದೆ ಹಾಕಿಸು. ರಾತ್ರಿ ಹತ್ತು ಗಂಟೆಯ ಮೇಲೆ ಕಾಫಿ ಬೇಡ, ನಮ್ಮ ತೋಟದ್ದಾದರೂ ಬೇಡ. ಎದ್ದ ಮೇಲೆ ತಿಂಡಿ ಬಿಡಬೇಡ. ಕಚೇರಿಯ ವಾಹನ ಮನೆಯ ಬಾಗಿಲವರೆಗೂ ಬಿಡಬೇಕೆಂದು ಕೇಳು, ಕೇಳಲು ಸಂಕೋಚಪಡಬೇಡ. ಮತ್ತೆ ಉಪದೇಶಕ್ಕೇ ಇಳಿದಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಹುತ್ತರಿಗೆ ಬಾ. ನಿನ್ನ ಕೋಣೆಯ ಮೂಡಣ ಕಿಟಕಿಗೆ ಪರದೆ ಹೊಲಿಯಲು ಕೊಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆ ನಿನಗೆ ಫೋನ್ ಮಾಡುವುದನ್ನು ಬಿಟ್ಟಿದ್ದೇನೆ. ಗುರುವಾರ ಹನ್ನೊಂದೂವರೆಗೆ ಮಾಡುತ್ತೇನೆ, ಎತ್ತಿಕೋ.

ನಿನ್ನ ಅಪ್ಪ