ಅಜ್ಜನ ಪುಸ್ತಕದ ಖಾಲಿ ಮನೆ

ಭೂಮಿ ಹುಣ್ಣಿಮೆಗೆಂದು ಊರಿಗೆ ಬಂದವಳು, ಹೊರದೇಶದಲ್ಲಿರುವ ನಮ್ಮ ಸಂಘದ ಪತ್ರದ ಈ ಸಂಚಿಕೆಯ ಸಂಪಾದಕೀಯವನ್ನು ಸಾಗರ ತಾಲ್ಲೂಕು ಕರೂರು ಹೋಬಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಪುಟಗಳು ನಾಳೆ ಬೆಳಿಗ್ಗೆಯೇ ಅಚ್ಚಿಗೆ ಹೋಗಬೇಕು. ಹುಣ್ಣಿಮೆಯಂದು ಭೂಮಿತಾಯಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಅಟ್ಟದಿಂದ ಇಳಿಸುವಾಗ ಅದರ ಕೆಳಗಿದ್ದ ಅಜ್ಜನ ಅಡಿಕೆ ಲೆಕ್ಕದ ಪುಸ್ತಕವೂ ಕೈಗೆ ಬಂತು. ಅದರ ಕೊನೆಯ ಪುಟದಲ್ಲಿ ಗೆರೆ ಹಾಕಿದ ಚೌಕಗಳನ್ನು ನೋಡಿದ ಮಗ, "ಅಮ್ಮಾ, ಈ ಮನೆ ಯಾಕೆ ಖಾಲಿ? ಮುತ್ತಜ್ಜ ಬರೆಯೋದು ಮರೆತುಬಿಟ್ರಾ?" ಎಂದು ಕೇಳಿದ.

ಅಜ್ಜ ಮರೆತಿರಲಿಲ್ಲ. ಅದು 1983ರ ಜನವರಿಯ ವಿಧಾನಸಭಾ ಚುನಾವಣೆಯ ಪುಟ. ಅಡಿಕೆ ಕೊಯ್ಲಿನ ದಿನಗಳಾದ್ದರಿಂದ ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು, ಮತ ಕೇಳಲು ಬಂದವರು ಆ ಸಿಪ್ಪೆಯ ರಾಶಿಯನ್ನು ದಾಟಿಕೊಂಡೇ ಜಗಲಿಗೆ ಬರಬೇಕಿತ್ತು. ಅಜ್ಜ ಯಾವ ಪಕ್ಷದವರಿಗೂ ಮಜ್ಜಿಗೆ ಕೊಡದೆ ಕಳಿಸಿದವರಲ್ಲ. ಮಜ್ಜಿಗೆ ಕುಡಿದ ಮೇಲೆ ಮೂರು ಪ್ರಶ್ನೆ ಕೇಳುತ್ತಿದ್ದರು: ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ನೆಲ ಕಳೆದುಕೊಂಡ ಮುಳುಗಡೆಯವರಿಗೆ ಹಕ್ಕುಪತ್ರ ಹೇಗೆ ಕೊಡಿಸುತ್ತೀರಿ, ನಮ್ಮ ಕೇರಿಗೆ ಕರೆಂಟು ಯಾವಾಗ, ಹಿನ್ನೀರಿಗೆ ಸೇತುವೆ ಆಗುತ್ತದೋ ಇಲ್ಲವೋ. ಪ್ರಶ್ನೆಯ ಒಂದು ಮಾತೂ ಆಚೀಚೆ ಆಗುತ್ತಿರಲಿಲ್ಲ, ತಮಗೆ ಬೇಕಾದ ಪಕ್ಷದವರು ಬಂದಾಗಲೂ ಆಗಲಿಲ್ಲ. ಅವರು ಹೋದ ಮೇಲೆ ಲಾಟೀನನ್ನು ಹತ್ತಿರಕ್ಕೆ ಎಳೆದುಕೊಂಡು, ಅಡ್ಡಗೆರೆ ಉದ್ದಗೆರೆ ಹಾಕಿದ ಮನೆಗಳಲ್ಲಿ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದರು. "ನೋಡೋಣ", "ಮಾಡೋಣ" ಎಂದಷ್ಟೇ ಹೇಳಿದವರ ಮನೆಯನ್ನು ಖಾಲಿ ಬಿಡುತ್ತಿದ್ದರು. ತಮ್ಮ ಮೆಚ್ಚಿನವರ ಪರವಾಗಿ ತಾವೇ ಉತ್ತರ ತುಂಬಿದರೆ ಪುಸ್ತಕವೇ ಸುಳ್ಳಾಗುತ್ತದೆ ಎಂದು ಅಜ್ಜಿಗೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ.

ಆ ಪುಟದ ಮೂರನೆಯ ಸಾಲು 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾದಾಗ ಮುಗಿಯಿತು. ಈ ಬಾರಿ ನಾನೂ ಲಾಂಚಿಗೆ ಕಾಯದೆ ಮನೆ ಸೇರಿದೆ. ಮೊದಲ ಸಾಲು ಮಾತ್ರ ಹಾಗೆಯೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು, ನೆಲ ಬಿಟ್ಟು ಬಂದವರ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಹಕ್ಕುಪತ್ರ ಕೊಡಿಸುತ್ತೇವೆ ಎಂದು ಎಲ್ಲ ಅಭ್ಯರ್ಥಿಗಳೂ ಹೇಳುವುದರಿಂದ ಆ ಮಾತನ್ನು ಹೋಲಿಸಿ ಪ್ರಯೋಜನವಿಲ್ಲ. ದಾಖಲೆಯಲ್ಲಿ ಅರಣ್ಯವೆಂದಿರುವ ಜಾಗಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು, ಅದನ್ನು ಯಾವ ದಾರಿಯಿಂದ ತರುತ್ತೀರಿ ಎಂದು ಕೇಳಿದಾಗ ಉತ್ತರಗಳು ಬೇರೆಬೇರೆಯಾಗುತ್ತವೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಕ್ಕೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆಯ ಬಗ್ಗೆಯೂ ಬೇಕೋ ಬೇಡವೋ ಎಂದು ನೇರವಾಗಿಯೇ ಕೇಳಬೇಕು.

2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾರ್ಹತೆ, ಕ್ರಿಮಿನಲ್ ಪ್ರಕರಣಗಳ ವಿವರ ಪ್ರಮಾಣಪತ್ರದಲ್ಲಿ ಸಿಗುತ್ತದೆ. ಅದನ್ನು ತಪ್ಪದೆ ಓದಬೇಕು, ಆದರೆ ಅವರ ನಿಲುವು ಅದರಲ್ಲಿ ಇರುವುದಿಲ್ಲ. ಈಗಾಗಲೇ ಶಾಸಕರಾಗಿದ್ದವರು ಸದನದಲ್ಲಿ ಏನು ಕೇಳಿದರು ಎಂಬುದು ಕಲಾಪದ ದಾಖಲೆಯಲ್ಲಿದೆ, ನನ್ನ ಮಟ್ಟಿಗೆ ಪ್ರಣಾಳಿಕೆಗಿಂತ ಅದೇ ಹೆಚ್ಚು ನಂಬಿಕೆಗೆ ಅರ್ಹ.

ಭಾರತದ ಪೌರತ್ವ ಉಳಿಸಿಕೊಂಡಿರುವ ಸಂಘದ ಸದಸ್ಯರು, ಹೊರದೇಶದಲ್ಲಿರುವ ಭಾರತೀಯರಿಗೆಂದೇ ಇರುವ ನಮೂನೆ 6ಎ ತುಂಬಿ ಊರಿನ ಮತದಾರರ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಮೂಲ ಪಾಸ್‌ಪೋರ್ಟಿನೊಂದಿಗೆ ಮತಗಟ್ಟೆಗೆ ಖುದ್ದಾಗಿ ಬರಬೇಕಾಗುತ್ತದೆ. ನವೆಂಬರ್ 1ರ ಶನಿವಾರ ರಾಜ್ಯೋತ್ಸವದ ಊಟದ ನಂತರ ಈ ನಮೂನೆ ತುಂಬಲು ಒಂದು ಮೇಜು ಇರಿಸುತ್ತೇವೆ. ಮಕ್ಕಳ ಹಾಡು ಅದಕ್ಕೂ ಮೊದಲೇ ಮುಗಿಯುತ್ತದೆ, ದೀಪಾವಳಿಯ ಚಂದಾ ಬಾಕಿಯಿದ್ದವರು ಅಂದೇ ಕೊಡಬಹುದು.

2028ರ ವಿಧಾನಸಭಾ ಚುನಾವಣೆಗೆ ಶಿವಮೊಗ್ಗ ಜಿಲ್ಲೆಯ ಏಳೂ ಕ್ಷೇತ್ರಗಳಿಗೆ ಅಜ್ಜನ ಪುಟದಂಥದ್ದೇ ಒಂದೊಂದು ಪುಟ ನಮ್ಮ ಪತ್ರದಲ್ಲಿ ಬರಬೇಕೆಂಬುದು ನನ್ನ ಆಸೆ. ಮೂರು ವರ್ಷದಿಂದ ಕರಡು ತಿದ್ದುವುದೂ ಪುಟ ಕಟ್ಟುವುದೂ ನನ್ನೊಬ್ಬಳ ಕೈಯಲ್ಲೇ ನಡೆದಿದೆ, ಇದು ಒಬ್ಬಳಿಂದ ಆಗುವ ಕೆಲಸವಲ್ಲ. ತೀರ್ಥಹಳ್ಳಿ, ಸೊರಬ, ಶಿಕಾರಿಪುರ, ಭದ್ರಾವತಿ ಕಡೆಯವರು ನಿಮ್ಮ ಊರಿನ ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿ, ತಿಂಗಳಿಗೆ ಎರಡು ಸಂಜೆ ಬಿಡುವಿರುವ ಇಬ್ಬರು ದಯವಿಟ್ಟು ಮುಂದೆ ಬನ್ನಿ. ಸಾಗರದ ಪುಟಕ್ಕೆ ಗೆರೆ ಹಾಕಿಯಾಗಿದೆ. ಮೊದಲ ಸಾಲಿನಲ್ಲಿ ಅಜ್ಜನ ಪ್ರಶ್ನೆಯನ್ನೇ ಬರೆದಿದ್ದೇನೆ.